ಟೈಮರ್ ನಿಲ್ಲಿಸುವಾಗ ಕಾಯಲೇಬೇಕಾ? ಪರ – ವಿರೋಧ

ಆಗುಂಬೆ ಕಡೆಗೆ ಕಳಿಸಲು ಮಳೆ ಅಳೆಯುವ ಒಂದು ಪೆಟ್ಟಿಗೆ. ಒಳಗೆ ಲಿನಕ್ಸ್ ಓಡುವ ಸಣ್ಣ ಬೋರ್ಡ್. ಆಲಿಕೆಯಿಂದ ನೀರು ಪುಟ್ಟ ಬಟ್ಟಲಿಗೆ ಬೀಳುತ್ತದೆ. 0.2 ಮಿ.ಮೀ. ಮಳೆಯಾದ ಕೂಡಲೇ ಬಟ್ಟಲು ವಾಲಿ ಸ್ವಿಚ್ ತಟ್ಟುತ್ತದೆ. ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಹೊಯ್ಯುವುದು ಹೊಸದೇನಲ್ಲ. ಅಂದರೆ 35,000 ಸಲ ವಾಲಬೇಕು. ತೊಂದರೆ ಏನೆಂದರೆ, ಸ್ವಿಚ್ ಒಂದೇ ಸಲ ತಟ್ಟಿದರೂ ಅದರ ಪಟ್ಟಿ ನಡುಗಿ ನಾಲ್ಕೈದು ಇಂಟರಪ್ಟ್ (ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ) ಬರುತ್ತವೆ. ಹಾಗಾಗಿ ಪ್ರತಿ ಇಂಟರಪ್ಟ್‌ಗೂ ಡ್ರೈವರ್, ಅಂದರೆ ಸ್ವಿಚ್ ನೋಡಿಕೊಳ್ಳುವ ಕೋಡ್, ಒಂದು ಟೈಮರನ್ನು 20 ಮಿಲಿಸೆಕೆಂಡ್ ಮುಂದಕ್ಕೆ ತಳ್ಳುತ್ತದೆ. ನಡುಕ ನಿಂತ ಮೇಲೆ ಟೈಮರ್ ಹೊಡೆಯುತ್ತದೆ, ಅದು ಕರೆಯುವ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಓಡುತ್ತದೆ, ಲೆಕ್ಕ ಒಂದು ಏರುತ್ತದೆ.

ಡ್ರೈವರ್ ತೆಗೆಯುವಾಗ ಈ ಟೈಮರ್ ನಿಲ್ಲಿಸಬೇಕು. ಟೈಮರ್_ಡಿಲೀಟ್ ಅನ್ನುವುದು ಟೈಮರನ್ನು ಸಾಲಿನಿಂದ ಕಿತ್ತು ಸುಮ್ನೆ ವಾಪಸ್ ಬರುತ್ತದೆ. ಟೈಮರ್_ಡಿಲೀಟ್_ಸಿಂಕ್ ಹಾಗಲ್ಲ. ಪ್ರೊಸೆಸರ್‌ನ ಬೇರೆ ಕೋರ್‌ನಲ್ಲಿ ಕಾಲ್‌ಬ್ಯಾಕ್ ಓಡುತ್ತಿದ್ದರೆ ಮುಗಿಯುವ ತನಕ ಕಾಯುತ್ತದೆ. ಹಳೇ ಕೋಡ್‌ನಲ್ಲಿ ಇವೇ ಡೆಲ್_ಟೈಮರ್, ಡೆಲ್_ಟೈಮರ್_ಸಿಂಕ್. ಶಿವಮೊಗ್ಗದ ನಮ್ಮ ಸಣ್ಣ ಆಫೀಸಿನಲ್ಲಿ ಚರ್ಚೆ ಎದ್ದಿದ್ದು ಇದಕ್ಕೇ: ಎಲ್ಲ ಕಡೆ ಕಾಯುವುದನ್ನೇ ಕಡ್ಡಾಯ ಮಾಡೋಣವಾ? ಹಿರಿಯರೊಬ್ಬರು ಹೌದು ಅಂದರು, ಕಿರಿಯನೊಬ್ಬ ಬೇಡ ಅಂದ. ಇಬ್ಬರೂ ಬರೆದುಕೊಟ್ಟಿದ್ದು ಇಲ್ಲಿದೆ.

ಪರ: ಕಾಯದೆ ಮೆಮೊರಿ ಬಿಡಬೇಡಿ

ತೋಟದ ಉಣುಗೋಲು ಹಾಕಿದ ಮಾತ್ರಕ್ಕೆ ದನ ಒಳಗಿಲ್ಲ ಅಂತ ಆಗುತ್ತಾ? ಟೈಮರ್_ಡಿಲೀಟ್ ಮಾಡುವುದು ಉಣುಗೋಲು ಹಾಕುವ ಕೆಲಸ ಮಾತ್ರ. ಆಗಲೇ ಒಳಗೆ ಹೋದ ಕಾಲ್‌ಬ್ಯಾಕ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎರಡು ಕೋರ್ ಇಟ್ಟುಕೊಂಡು ನೋಡಿ. ಒಂದರಲ್ಲಿ ಕಾಲ್‌ಬ್ಯಾಕ್ ಈಗಷ್ಟೇ ಶುರುವಾಗಿದೆ. ಇನ್ನೊಂದರಲ್ಲಿ ಡ್ರೈವರ್ ತೆಗೆಯುವ ಕೋಡ್ ಟೈಮರ್ ಕಿತ್ತು, ಮೆಮೊರಿ ಬಿಟ್ಟು, ಹೊರಟೇ ಹೋಯಿತು. ಆ ಮೆಮೊರಿ ತಕ್ಷಣ ಬೇರೆ ಯಾರಿಗೋ ಸಿಗುತ್ತದೆ. ಕಾಲ್‌ಬ್ಯಾಕ್ ಮಾತ್ರ ಮಳೆ ಲೆಕ್ಕ ಏರಿಸುತ್ತೇನೆ ಅಂತ ಅವರ ಜಾಗದಲ್ಲಿ ಬರೆಯುತ್ತದೆ. ಆಮೇಲೆ ಬೀಳುವುದು ನಮ್ಮ ಡ್ರೈವರ್ ಅಲ್ಲ. ಫೈಲ್ ಸಿಸ್ಟಮ್ಮೋ ನೆಟ್‌ವರ್ಕೋ ಬೀಳುತ್ತದೆ, ಬೈಗುಳವೂ ಅವರಿಗೇ. ಮೆಮೊರಿ ತಪ್ಪು ಹುಡುಕುವ ಕಾಸಾನ್ ಹಾಕಿ ಕಟ್ಟಿದ ಕರ್ನಲ್ (ಲಿನಕ್ಸ್‌ನ ತಿರುಳು) ಇದನ್ನು ಹಿಡಿಯುತ್ತದೆ ನಿಜ. ಆದರೆ ಆ ಗಳಿಗೆ ನಿಮ್ಮ ಟೇಬಲ್ ಮೇಲೆ ಕೂಡಿ ಬರಬೇಕಲ್ಲ?

ಇದು ಬರೀ ಕ್ರ್ಯಾಶ್ ಆಗುವ ಮಾತೂ ಅಲ್ಲ. ಟೈಮರ್ ಒಳಗೆ ಕರೆಯಬೇಕಾದ ಫಂಕ್ಷನ್‌ನ ವಿಳಾಸ ಇರುತ್ತದೆ. ಮೊದಲು ಅದರ ಪಕ್ಕದಲ್ಲೇ ಆ ಫಂಕ್ಷನ್‌ಗೆ ಕೊಡುವ ಡೇಟಾ ಕೂಡ ಇರುತ್ತಿತ್ತು. ಕಳ್ಳನಿಗೆ ಎರಡನ್ನೂ ತಿದ್ದಲು ಸಿಕ್ಕರೆ ತನಗೆ ಬೇಕಾದ ಫಂಕ್ಷನ್ನನ್ನು ಬೇಕಾದ ಡೇಟಾ ಕೊಟ್ಟು ಕರ್ನಲ್ ಕೈಯಲ್ಲೇ ಓಡಿಸಬಹುದಿತ್ತು. 2017ರಲ್ಲಿ ಕರ್ನಲ್ ಸುರಕ್ಷತೆಯ ಕೆಲಸ ಮಾಡುವ ಕೀಸ್ ಕುಕ್ ಮುಂದೆ ನಿಂತು, ಕರ್ನಲ್ ಉದ್ದಕ್ಕೂ ಇದ್ದ ಟೈಮರ್‌ಗಳನ್ನೆಲ್ಲ ಟೈಮರ್_ಸೆಟಪ್‌ಗೆ ಬದಲಾಯಿಸಿ, ಆ ಡೇಟಾ ಜಾಗವನ್ನೇ ತೆಗೆಸಿದರು. ಫಂಕ್ಷನ್ ವಿಳಾಸ ಈಗಲೂ ಅಲ್ಲೇ ಇದೆ. ಅಂಥದ್ದನ್ನು ಬಿಟ್ಟುಕೊಟ್ಟ ಮೆಮೊರಿಯಲ್ಲಿ ಬಿಟ್ಟು ಬರುವುದಾ?

ಕಾಯಲು ಹೋದರೆ ಲಾಕ್ ಸಿಕ್ಕಿಹಾಕಿಕೊಳ್ಳುತ್ತದೆ, ಅಂದರೆ ಎರಡು ಕೋರ್ ಒಂದಕ್ಕೊಂದು ಕಾಯುತ್ತಾ ನಿಂತುಬಿಡುತ್ತವೆ ಅಂತ ನಮ್ಮ ಹುಡುಗ ಹೇಳುತ್ತಾನೆ. ಹಾಕಿಕೊಳ್ಳಲಿ ಮಾರಾಯ. ಅದು ಇಲ್ಲೇ, ನಮ್ಮ ಕಣ್ಣ ಮುಂದೆ ಆಗುತ್ತದೆ. ಲಾಕ್ ತಪ್ಪು ಹುಡುಕುವ ಲಾಕ್‌ಡೆಪ್ ಆನ್ ಮಾಡಿದ್ದರೆ ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಮೊದಲೇ ಎಚ್ಚರಿಸುತ್ತದೆ. ಕೆಟ್ಟ ಮೆಮೊರಿ ಹಾಗಲ್ಲ, ಆಷಾಢದ ಮಳೆಯಲ್ಲಿ ಪೆಟ್ಟಿಗೆ ಆಗುಂಬೆಯಲ್ಲಿ ಕೂತ ಮೇಲೆ ತಲೆ ಎತ್ತುತ್ತದೆ. ಹಾಗೆ ನೋಡಿದರೆ ಕಾಯುವ ಖರ್ಚು ಎಷ್ಟು? ಕಾಲ್‌ಬ್ಯಾಕ್ ಮಾಡುವುದು ಒಂದು ಅಂಕಿ ಏರಿಸುವ ಕೆಲಸ ಅಷ್ಟೇ.

ಇನ್ನೊಂದು ಮಾತು. ಹಳೇ ಕರ್ನಲ್‌ಗಳಲ್ಲಿ ಒಂದೇ ಕೋರ್‌ಗೆ ಅಂತ ಕಟ್ಟಿದರೆ ಈ ಎರಡೂ ಕರೆಗಳು ಒಂದೇ ಆಗಿದ್ದವು. ಹಾಗಾಗಿ ಒಂದು ಕೋರ್‌ನ ಬೋರ್ಡ್‌ನಲ್ಲಿ ಎಷ್ಟು ದಿನ ಪರೀಕ್ಷೆ ಮಾಡಿದರೂ ಈ ತಪ್ಪು ಕಾಣುತ್ತಿರಲಿಲ್ಲ. ಮುಂದಿನ ಲಾಟ್‌ನಲ್ಲಿ ನಾಲ್ಕು ಕೋರ್ ಬಂದಾಗ ನೋಡಬೇಕು.

ವಿರೋಧ: ಕಾದರೆ ಸಾಲದು, ಕೆಲವು ಕಡೆ ಕಾಯಲೂಬಾರದು

ಅಣ್ಣ ಹೇಳಿದ ಅಪಾಯ ಸುಳ್ಳಲ್ಲ. ಆದರೆ ಅವರ ನಿಯಮ ಪಾಲಿಸಿದರೂ ಆ ಅಪಾಯ ಹಾಗೇ ಇರುತ್ತದೆ. ದನ ಹೊರಗೆ ಹೋಗುವ ತನಕ ಕಾದಿರಿ, ಸರಿ. ಆಮೇಲೆ ಉಣುಗೋಲು ಯಾರಾದರೂ ಮತ್ತೆ ತೆಗೆದರೆ?

ನಮ್ಮದೇ ಡ್ರೈವರ್ ತಗೊಳ್ಳಿ. ಇಂಟರಪ್ಟನ್ನು ಡೆವ್ಎಂ ಕರೆಯಿಂದ ತಗೊಂಡಿದ್ದೇವೆ, ಬಿಡುವ ಕೆಲಸ ತಾನೇ ಆಗಲಿ ಅಂತ. ಅದು ತಾನೇ ಆಗುವುದು, ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್ ಮುಗಿದ ಮೇಲೆ. ಅಂದರೆ ರಿಮೂವ್ ಒಳಗೆ ನೀವು ಸಿಂಕ್ ಕರೆದು, ಶಿಸ್ತಾಗಿ ಕಾದು, ಮುಂದಿನ ಸಾಲಿಗೆ ಬಂದಿರಿ. ಅಷ್ಟರಲ್ಲಿ ಬಟ್ಟಲು ವಾಲಿತು. ಇಂಟರಪ್ಟ್ ಇನ್ನೂ ಜೀವಂತ ಇದೆ, ಟೈಮರನ್ನು ಮತ್ತೆ ಸಾಲಿಗೆ ಹಾಕಿತು. ಇನ್ನು 20 ಮಿಲಿಸೆಕೆಂಡಿಗೆ ಅಣ್ಣ ಹೇಳಿದ್ದೆಲ್ಲ ನಡೆಯುತ್ತದೆ. ಕಾದಿದ್ದರಿಂದ ಬಂದ ಲಾಭ ಏನು? ಕೇಳಬೇಕಾದ್ದು ಕಾಲ್‌ಬ್ಯಾಕ್ ಮುಗಿಯಿತಾ ಅಂತ ಮಾತ್ರ ಅಲ್ಲ, ಟೈಮರನ್ನು ಮತ್ತೆ ಎಬ್ಬಿಸುವವರು ಯಾರು ಉಳಿದಿದ್ದಾರೆ ಅಂತ. ಸಿಂಕ್ ಅಂತ ಬರೆದಿದ್ದು ಕಂಡರೆ ರಿವ್ಯೂ ಮಾಡುವವರು ಆ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ದೊಡ್ಡವರ ಕೋಡೂ ಇದರಲ್ಲಿ ಸಿಕ್ಕಿದೆ. ಲಿನಕ್ಸ್‌ನ ಒಂದು ಬ್ಲೂಟೂತ್ ಡ್ರೈವರ್‌ನಲ್ಲಿ ಟೈಮರ್ ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಕೆಲಸ ಹಾಕುತ್ತಿತ್ತು. ಆ ಕೆಲಸ ತಿರುಗಿ ಟೈಮರ್ ಎಬ್ಬಿಸುತ್ತಿತ್ತು. ಟೈಮರ್ ಮೊದಲು ನಿಲ್ಲಿಸಿದರೆ ಕೆಲಸ ಅದನ್ನು ಎಬ್ಬಿಸುತ್ತದೆ. ಕ್ಯೂ ಮೊದಲು ಕೆಡವಿದರೆ, ಇಲ್ಲವಾದ ಆ ಕ್ಯೂಗೇ ಟೈಮರ್ ಕೆಲಸ ಹಾಕುತ್ತದೆ. ಎಷ್ಟು ಕಾದರೂ ಈ ಗಂಟು ಬಿಡಿಸಲು ಬರುವುದಿಲ್ಲ. ಕೊನೆಗೆ 2023ರಲ್ಲಿ ಬಂದ ಲಿನಕ್ಸ್ 6.2ರಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಸೇರಿಸಿದರು. ಇದನ್ನು ಒಮ್ಮೆ ಕರೆದ ಮೇಲೆ ಯಾರು ಎಬ್ಬಿಸಲು ಹೋದರೂ ಟೈಮರ್ ಏಳುವುದಿಲ್ಲ, ಆ ಕರೆಯನ್ನು ಕರ್ನಲ್ ಕಡೆಗಣಿಸುತ್ತದೆ. ಸಿಂಕ್ ಒಂದೇ ಸಾಕಾಗಿದ್ದರೆ ಇದು ಯಾಕೆ ಬರುತ್ತಿತ್ತು?

ಇನ್ನು ಲಾಕ್. ಮಳೆ ಲೆಕ್ಕವನ್ನು ಕಾಪಾಡುವ ಸ್ಪಿನ್‌ಲಾಕ್ (ಒಬ್ಬರು ಹಿಡಿದಿದ್ದರೆ ಉಳಿದವರು ಸುತ್ತುತ್ತಾ ಕಾಯಬೇಕಾದ ಬೀಗ) ಹಿಡಿದುಕೊಂಡೇ ಸಿಂಕ್ ಕರೆದರೆ, ಕಾಲ್‌ಬ್ಯಾಕ್ ಅದೇ ಲಾಕ್‌ಗೆ ಸುತ್ತುತ್ತಿರುತ್ತದೆ, ನಾವು ಕಾಲ್‌ಬ್ಯಾಕ್‌ಗೆ ಸುತ್ತುತ್ತಿರುತ್ತೇವೆ. ಎರಡು ಕೋರ್ ಹೋಯಿತು. ಕೋರ್ ಸಿಕ್ಕಿಹಾಕಿಕೊಂಡಿದ್ದನ್ನು ಗಮನಿಸುವ ಸಾಫ್ಟ್ ಲಾಕಪ್ ಕಾವಲು ಸುಮಾರು 20 ಸೆಕೆಂಡ್ ಆದ ಮೇಲೆ ಲಾಗ್‌ನಲ್ಲಿ ಕೂಗುತ್ತದೆ, ಬಿಡಿಸುವುದಿಲ್ಲ. ಇದು ಟೇಬಲ್ ಮೇಲೇ ಕಾಣುತ್ತದೆ ಅನ್ನುವುದು ಅಣ್ಣನ ಧೈರ್ಯ. ಲಾಕ್‌ಡೆಪ್ ಕೂಡ ಓಡಿದ ದಾರಿಯನ್ನಷ್ಟೇ ನೋಡುತ್ತದೆ, ಯಾರೂ ಓಡಿಸದ ಎರರ್ ದಾರಿ ಅದಕ್ಕೂ ಕಾಣುವುದಿಲ್ಲ. ಆಮೇಲೆ ತೀರ್ಥಹಳ್ಳಿ ದಾಟಿ ಮಳೆಯಲ್ಲಿ ಹೋಗಿ ಪ್ಲಗ್ ಕಿತ್ತು ಹಾಕುವವನು ನಾನೇ ಅಲ್ವಾ?

ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಒಳಗಂತೂ ಕಾಯುವ ಮಾತೇ ಇಲ್ಲ. ಆ ಇಂಟರಪ್ಟ್ ಅಡ್ಡ ಬಂದಿದ್ದು ಅದೇ ಕೋರ್‌ನ ಕಾಲ್‌ಬ್ಯಾಕ್‌ಗೇ ಆಗಿದ್ದರೆ, ತಾನು ತಡೆದು ನಿಲ್ಲಿಸಿದವನೇ ಮುಗಿಸಲಿ ಅಂತ ಕಾಯುತ್ತಾ ಕೂತ ಹಾಗೆ.

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸಂಪರ್ಕ ನಡೆಸುವ ಟಿಸಿಪಿ ಕೋಡ್ ನೋಡಿ, ಬೇಕಾದರೆ. ಸಾಕೆಟ್‌ನ (ಸಂಪರ್ಕದ ಒಂದು ತುದಿಯ) ಟೈಮರ್ ಹೊಸದಾಗಿ ಏರಿಸಿದಾಗ ಸಾಕೆಟ್ ಮೇಲೆ ಒಂದು ಲೆಕ್ಕ ಹಿಡಿಯುತ್ತಾರೆ, ಇದನ್ನು ಇನ್ನೊಬ್ಬರು ಬಳಸುತ್ತಿದ್ದಾರೆ ಅಂತ. ನಿಲ್ಲಿಸುವಾಗ ಬರೀ ಡಿಲೀಟ್. ಟೈಮರ್ ಸಾಲಿನಲ್ಲಿ ಸಿಕ್ಕಿದರೆ ಲೆಕ್ಕ ಅಲ್ಲೇ ಇಳಿಸುತ್ತಾರೆ, ಸಿಗದಿದ್ದರೆ ಓಡುತ್ತಿರುವ ಕಾಲ್‌ಬ್ಯಾಕ್ ಕೊನೆಯಲ್ಲಿ ತಾನೇ ಇಳಿಸುತ್ತದೆ. ಲೆಕ್ಕ ಸೊನ್ನೆ ಆಗುವ ತನಕ ಮೆಮೊರಿ ಬಿಡುವುದಿಲ್ಲ. ಯಾರೂ ಯಾರಿಗೂ ಕಾಯಲಿಲ್ಲ, ಆದರೂ ಸೇಫ್. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲೂ ಕಾಯದ ಕಾಲ್‌ಔಟ್_ಸ್ಟಾಪ್, ಕಾಯುವ ಕಾಲ್‌ಔಟ್_ಡ್ರೇನ್ ಅಂತ ಎರಡನ್ನೂ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ.

ಮಳೆ ಪೆಟ್ಟಿಗೆಗೆ ನಾನು ಡೆವ್ಎಂ ಬಿಟ್ಟು ಇಷ್ಟು ಬರೆಯುತ್ತೇನೆ: ಮೊದಲು ಇಂಟರಪ್ಟ್ ಬಿಡುವ ಫ್ರೀ_ಐಆರ್‌ಕ್ಯೂ, ಆಮೇಲೆ ಟೈಮರ್_ಶಟ್‌ಡೌನ್_ಸಿಂಕ್, ಕೊನೆಗೆ ಮೆಮೊರಿ. ಕಾಯುವುದು ಇದರಲ್ಲೂ ಇದೆ, ಅಣ್ಣನಿಗೆ ಅಷ್ಟಾದರೂ ಖುಷಿ ಇರಲಿ. ಆದರೆ ಮುಂದೆ ಯಾವಾಗಲಾದರೂ ಹ್ಯಾಂಡ್ಲರ್ ಒಳಗೆ ಟೈಮರ್ ನಿಲ್ಲಿಸಬೇಕಾಗಿ ಬಂದರೆ ಅಲ್ಲಿ ಬರೀ ಟೈಮರ್_ಡಿಲೀಟೇ ಇರುತ್ತದೆ. ಕಡ್ಡಾಯ ಅಂತ ಹೇಳಿ ರಿವ್ಯೂನಲ್ಲಿ ಅದನ್ನು ತಿದ್ದಿಸಲು ಬರಬೇಡಿ.