ಸಮುದ್ರದ ಗಾಳ: ಓಡಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

ಸಮುದ್ರದ ಕೆಲಸಕ್ಕೆ ಹೋಗುವ ನಮ್ಮ ಕಲಬುರಗಿ ಹುಡುಗರ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಭೀಮಾ ಹೊಳೆಗೆ ಬಳಸುವ ರೀಲೇ ಸಮುದ್ರಕ್ಕೂ ಸಾಕು. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ." ಎರಡೂ ತಪ್ಪು.

ಡ್ರ್ಯಾಗ್ ಅಂದರೆ ದಾರ ಸುತ್ತಿಡುವ ರೀಲಿನ ಬ್ರೇಕ್. ಅದು ಇರುವುದೇ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡಲು. ದಾರ ತಾಳುವ ತೂಕದ ಮೂರನೇ ಒಂದು ಭಾಗಕ್ಕೆ ಅದನ್ನು ಇಡುವುದು ರೂಢಿ. 24 ಕಿಲೋ ತಾಳುವ ದಾರಕ್ಕೆ ಸುಮಾರು 8 ಕಿಲೋ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ, ಗೊತ್ತಾಗುತ್ತದೆ. ಪೂರ್ತಿ ಬಿಗಿದರೆ ದೊಡ್ಡ ಟ್ಯೂನಾ ಮೀನಿನ ಮೊದಲ ಓಟಕ್ಕೇ ದಾರ ಪಟ್ ಅಂತ ಹರಿಯಬಹುದು, ಕೋಲೂ ಮುರಿಯಬಹುದು.

ಹೊಳೆಯ ಸಣ್ಣ ರೀಲಿನಲ್ಲಿ ಬೇಕಾದಷ್ಟು ದಾರ ಹಿಡಿಸುವುದಿಲ್ಲ. ಉಪ್ಪುನೀರಿಗೆ ಅದರ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಅಂಜಲ್ ಮೀನಿನ ಹಲ್ಲು ಬಲು ಚೂಪು, ಗಾಳದ ಹತ್ತಿರ ಸ್ಟೀಲ್ ತಂತಿ ಇರಲಿ.

ಹಡಗಿನ ಡೆಕ್ ಮೇಲಿಂದ ಗಾಳ ಹಾಕಲು ಅನುಮತಿ ಇದೆಯಾ ಅಂತ ಮೊದಲು ಕೇಳಿ. ಆ ಮೆಸೇಜನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.