ದೊಡ್ಡ ಕ್ವಾರ್ಟರ್‌ಬ್ಯಾಕ್, ಸೋತ ಕೋಚ್

ಜನವರಿ ಬಂತೆಂದರೆ ನಮ್ಮ ವಿಸ್ಕಾನ್ಸಿನ್‌ನಲ್ಲಿ ಎರಡೇ ಮಾತು. ಒಂದು ಹಿಮ, ಇನ್ನೊಂದು ಫುಟ್‌ಬಾಲ್. ಲೀಗ್ ಪಂದ್ಯಗಳು ಮುಗಿದ ಮಾರನೇ ದಿನವೇ ಸೋತ ತಂಡಗಳು ಕೋಚ್‌ಗಳನ್ನು ಮನೆಗೆ ಕಳಿಸುತ್ತವೆ. ಆ ದಿನಕ್ಕೆ ಇಲ್ಲಿನವರು ಬ್ಲ್ಯಾಕ್ ಮಂಡೆ ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ. ಆಗ ಆಫೀಸಿನ ಊಟದ ಟೇಬಲ್ಲಿನಲ್ಲಿ ನನ್ನ ಸಹೋದ್ಯೋಗಿಯೊಬ್ಬ ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಗೆ ಶುರು ಮಾಡುತ್ತಾನೆ: ಯಾರಾದರೂ ಹಳೇ ಸ್ಟಾರ್ ಕ್ವಾರ್ಟರ್‌ಬ್ಯಾಕ್‌ನ ಕರೆದು ಕೋಚ್ ಮಾಡಿ, ಎಲ್ಲಾ ಸರಿ ಹೋಗುತ್ತೆ, ಅವರಿಗಿಂತ ಆಟ ಗೊತ್ತಿರೋರು ಯಾರಿದ್ದಾರೆ?

ಊರಲ್ಲಿರುವ ಸ್ನೇಹಿತರಿಗೆ: ಇದು ನೀವು ನೋಡುವ ಫುಟ್‌ಬಾಲ್ ಅಲ್ಲ. ಚೂಪು ತುದಿಯ ಚೆಂಡು, ತಲೆಗೆ ಹೆಲ್ಮೆಟ್ಟು, ಒಂದು ಕಡೆ ಹನ್ನೊಂದು ಜನ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಿಗೆ ಆನೆ ಗಾತ್ರದವರು ಮೈಮೇಲೆ ಬೀಳಲು ಓಡಿ ಬರುತ್ತಿರುತ್ತಾರೆ, ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡಬೇಕು. ಹಾಗಾಗಿ ತಂಡದ ರಾಜ ಅವನೇ. ಅಂಥವನು ಕೋಚ್ ಆದರೆ ಗೆದ್ದೇ ಗೆಲ್ಲುತ್ತಾನೆ ಅಂತ ಅನ್ನಿಸುವುದು ಸಹಜ ಅಲ್ವಾ?

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಗ್ರೀನ್ ಬೇ ಪ್ಯಾಕರ್ಸ್ ತಂಡದ ಬಾರ್ಟ್ ಸ್ಟಾರ್. (ಹೆಸರಲ್ಲೇ ಸ್ಟಾರ್, ಬೇಕಂತಲೇ ಹುಡುಕಿದ್ದಲ್ಲ!) ಕ್ವಾರ್ಟರ್‌ಬ್ಯಾಕ್ ಆಗಿ ಐದು ಚಾಂಪಿಯನ್‌ಶಿಪ್ ಗೆದ್ದವರು. ಮೊದಲ ಎರಡು ಸೂಪರ್ ಬೌಲ್‌ಗಳಲ್ಲೂ (ಅಂದರೆ ವರ್ಷದ ಕೊನೆಯ ಫೈನಲ್) ಅವರೇ ಪಂದ್ಯಶ್ರೇಷ್ಠ. 1975ರಲ್ಲಿ ಅದೇ ತಂಡ ಅವರನ್ನು ಕೋಚ್ ಮಾಡಿತು. ಊರಿಗೆ ಊರೇ ಕುಣಿದಾಡಿತು. ಒಂಬತ್ತು ವರ್ಷ ಆದ ಮೇಲೆ ಲೆಕ್ಕ ಹಾಕಿದರೆ ಗೆಲುವು 52, ಸೋಲು 76. ಪ್ಲೇಆಫ್‌ಗೆ, ಅಂದರೆ ನಾಕೌಟ್ ಹಂತಕ್ಕೆ, ಹೋಗಿದ್ದು ಒಂದೇ ಒಂದು ಸಲ.

ಇಲ್ಲಿ ಎಲ್ಲರೂ ಹೇಳುವ ಒಂದು ವಿವರಣೆ ಇದೆ. ಪ್ರತಿಭೆ ಹುಟ್ಟಿನಿಂದ ಬಂದವರಿಗೆ ಅದನ್ನು ಬೇರೆಯವರಿಗೆ ಹೇಳಿಕೊಡಲು ಬರುವುದಿಲ್ಲ, ತಮಗೆ ಸುಲಭವಾಗಿದ್ದು ಇನ್ನೊಬ್ಬನಿಗೆ ಯಾಕೆ ಕಷ್ಟ ಅಂತ ಅವರಿಗೆ ಅರ್ಥವೇ ಆಗುವುದಿಲ್ಲ ಅಂತ. ಕೇಳಲು ಚೆನ್ನಾಗಿದೆ, ಆದರೆ ಬಾರ್ಟ್ ವಿಷಯದಲ್ಲಿ ಇದು ಪೂರ್ತಿ ಸುಳ್ಳು. ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಇಲ್ಲಿ ಡ್ರಾಫ್ಟ್ ಅಂತಾರೆ. 1956ರ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಿದ್ದು 200ನೆಯವರಾಗಿ. ಅಂದರೆ ಯಾರಿಗೂ ಬೇಡವಾಗಿದ್ದ ಹುಡುಗ. ಕೂತು ಓದಿ, ಪಂದ್ಯಗಳ ಫಿಲ್ಮ್ ನೋಡಿ ಕಲಿತವರು. ಆಗೆಲ್ಲ ಹೆಲ್ಮೆಟ್ಟಿನೊಳಗೆ ಕೋಚ್ ಮಾತು ಕೇಳಿಸುವ ರೇಡಿಯೋ ಇರಲಿಲ್ಲ, ಅದು ಬಂದಿದ್ದು 1994ರಲ್ಲಿ. ಮುಂದಿನ ಪ್ಲೇ, ಅಂದರೆ ಮುಂದಿನ ನಡೆ, ಏನು ಅಂತ ಮೈದಾನದಲ್ಲಿ ನಿಂತು ಅವರೇ ಹೇಳಬೇಕಿತ್ತು. 1967ರ ಡಿಸೆಂಬರ್ 31ರ ಐಸ್ ಬೌಲ್ ಅನ್ನೋ ಪಂದ್ಯದ ಕಥೆ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ ಚಳಿ, ಮೈದಾನ ಕಲ್ಲಾಗಿದೆ, ಕೆಲವೇ ಸೆಕೆಂಡು ಬಾಕಿ, ಗೆರೆ ದಾಟಲು ಒಂದು ಗಜಕ್ಕಿಂತ ಕಡಿಮೆ. ಬಾರ್ಟ್ ಕೋಚ್ ಲೊಂಬಾರ್ಡಿ ಹತ್ತಿರ ಹೋಗಿ, ಓಡುವವರ ಕಾಲು ಜಾರುತ್ತಿದೆ, ನಾನೇ ಚೆಂಡು ಹಿಡಿದು ನುಗ್ಗುತ್ತೇನೆ ಅಂದರು. ನುಗ್ಗಿದರು, ಗೆದ್ದರು. ಆಟ ಗೊತ್ತಿಲ್ಲದವರ, ಯೋಚನೆ ಮಾಡದವರ ಕೆಲಸವಾ ಇದು?

ಹಾಗಾದರೆ ಸೋತಿದ್ದು ಯಾಕೆ? ನನ್ನ ಪ್ರಕಾರ ಆ ಕೆಲಸದಲ್ಲಿ ಅವರು ಪಳಗಿರಲೇ ಇಲ್ಲ. 1972ರಲ್ಲಿ ಒಂದು ವರ್ಷ ಸಹಾಯಕರಾಗಿದ್ದರು, ಅಷ್ಟೇ. ಮುಂದಿನದು ನೇರ ದೊಡ್ಡ ಕುರ್ಚಿ. ಅದೂ ಕೋಚ್ ಕೆಲಸದ ಜೊತೆಗೆ ಜನರಲ್ ಮ್ಯಾನೇಜರ್ ಕೆಲಸ ಬೇರೆ. ಜೊತೆಗೆ ಹಿಂದಿನ ಕೋಚ್ 1974ರಲ್ಲಿ 34 ವರ್ಷದ ಜಾನ್ ಹ್ಯಾಡ್ಲ್ ಎಂಬ ಕ್ವಾರ್ಟರ್‌ಬ್ಯಾಕ್‌ಗೋಸ್ಕರ ಮುಂದಿನ ಎರಡು ವರ್ಷದ ಐದು ಡ್ರಾಫ್ಟ್ ಅವಕಾಶಗಳನ್ನು ಕೊಟ್ಟುಬಿಟ್ಟಿದ್ದರು. ಎರಡು ಮೊದಲ ಸುತ್ತಿನವು, ಎರಡು ಎರಡನೇ ಸುತ್ತಿನವು, ಒಂದು ಮೂರನೇ ಸುತ್ತಿನದು. ಯಾರೋ ಮಾಡಿದ ಸಾಲ, ತೀರಿಸಿದ್ದು ಬಾರ್ಟ್. ಅನುಭವಿ ಕೋಚ್ ಆಗಿದ್ದರೆ ಈ ಲೆಕ್ಕ ನೋಡಿಯೇ ಕೈ ಮುಗಿದು ಹೋಗುತ್ತಿದ್ದ. ಊರಿನ ದೇವರಾಗಿಬಿಟ್ಟವರಿಗೆ ಒಲ್ಲೆ ಅನ್ನೋದು ಅಷ್ಟು ಸುಲಭ ಇರಲಿಲ್ಲ ಅನ್ನಿಸುತ್ತದೆ.

ಈಗ ಇನ್ನೊಂದು ಮಗ್ಗುಲು ನೋಡಿ, ನನಗೆ ತುಂಬಾ ಇಷ್ಟವಾದ ಕಥೆ ಇದು. 1983ರ ಡ್ರಾಫ್ಟ್‌ನ ಮೊಟ್ಟಮೊದಲ ಹೆಸರು ಜಾನ್ ಎಲ್ವೇ. ಅದೇ ವರ್ಷ ಎಂಟನೇ ಸುತ್ತಿನಲ್ಲಿ ಡೆನ್ವರ್ ಬ್ರಾಂಕೋಸ್ ತೆಗೆದುಕೊಂಡಿದ್ದು ಗ್ಯಾರಿ ಕ್ಯೂಬಿಯಾಕ್ ಅವರನ್ನು. ಅವರೂ ಕ್ವಾರ್ಟರ್‌ಬ್ಯಾಕೇ. ಎಲ್ವೇ ಆಡಿದ್ದೂ ಡೆನ್ವರ್‌ಗೇ. ಎಲ್ವೇ ಮೈದಾನದಲ್ಲಿ, ಕ್ಯೂಬಿಯಾಕ್ ಬೆಂಚಿನಲ್ಲಿ. ಒಂಬತ್ತು ವರ್ಷ ಇದೇ ಕಥೆ. ಆಮೇಲೆ ಸಹಾಯಕ ಕೋಚ್ ಆದರು, ಎಲ್ವೇ ಸೂಪರ್ ಬೌಲ್ ಗೆದ್ದಾಗ ಪಕ್ಕದಲ್ಲಿದ್ದರು, ಹ್ಯೂಸ್ಟನ್‌ಗೆ ಹೋಗಿ ಮುಖ್ಯ ಕೋಚ್ ಆಗಿ ಪೆಟ್ಟು ತಿಂದರು. ಕೊನೆಗೆ 2015ರಲ್ಲಿ ಡೆನ್ವರ್ ತಂಡದ ಆಡಳಿತ ನೋಡಿಕೊಳ್ಳುತ್ತಿದ್ದ ಎಲ್ವೇ ತಮ್ಮ ಹಳೇ ಬೆಂಚಿನ ಗೆಳೆಯನನ್ನೇ ಕೋಚ್ ಆಗಿ ಕರೆದರು. ಮೊದಲ ವರ್ಷವೇ ಸೂಪರ್ ಬೌಲ್ 50 ಕೈಗೆ ಬಂತು. ಎಲ್ವೇಗೆ ತಾವೇ ಕೋಚ್ ಆಗುವ ಆಸೆ ಇತ್ತೋ ಇಲ್ಲವೋ, ಆಗದೇ ಇದ್ದದ್ದಂತೂ ಅವರ ಬುದ್ಧಿವಂತಿಕೆ ಅಂತ ನನಗನ್ನಿಸುತ್ತದೆ.

ಬೆಂಚಿನಲ್ಲಿ ಕೂರುವುದು ಅಂದರೆ ಸುಮ್ನೆ ಕೂರುವುದಲ್ಲ ನೋಡಿ. ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ವಾರವಿಡೀ ಸ್ಟಾರ್ ಓದುವ ಅದೇ ಪಾಠ ಓದಬೇಕು. ಪಂದ್ಯದ ದಿನ ಕೋಚ್ ಪಕ್ಕ ನಿಂತು ಎದುರಾಳಿ ಏನು ಮಾಡುತ್ತಿದ್ದಾನೆ ಅಂತ ಗಮನಿಸಬೇಕು, ಸ್ಟಾರ್ ಹೊರಗೆ ಬಂದಾಗ ಕಂಡಿದ್ದನ್ನು ಅವನಿಗೆ ಅರ್ಥವಾಗೋ ಹಾಗೆ, ಅವನ ಅಹಂಗೆ ಪೆಟ್ಟಾಗದ ಹಾಗೆ ಹೇಳಬೇಕು. ಇದೇ ತಾನೇ ಕೋಚ್ ಕೆಲಸ? ಆಟಗಾರನ ಸಂಬಳದಲ್ಲೇ ಹತ್ತು ವರ್ಷ ಕೋಚ್ ತರಬೇತಿ ಸಿಕ್ಕ ಹಾಗೆ.

ಡಗ್ ಪೀಡರ್‌ಸನ್ ಇದಕ್ಕೆ ಇನ್ನೊಂದು ಸಾಕ್ಷಿ. ನಮ್ಮ ಪ್ಯಾಕರ್ಸ್‌ನಲ್ಲಿ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಹಿಂದೆ ವರ್ಷಗಟ್ಟಲೆ ನಿಂತವರು. ಆಟ ಮುಗಿದ ಮೇಲೆ ಲೂಸಿಯಾನದ ಒಂದು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಮಕ್ಕಳಿಗೆ ಕೋಚ್ ಆಗಿದ್ದರು, ಆಮೇಲೆ ದೊಡ್ಡ ಲೀಗಿನ ಕೋಚ್ ಆ್ಯಂಡಿ ರೀಡ್ ಕೈಕೆಳಗೆ ಸಹಾಯಕರಾದರು. 2018ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಆಗಿ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತಂಡವನ್ನು 41-33ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದರು. ಅವತ್ತು ಅವರ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಾ? ನಿಕ್ ಫೋಲ್ಸ್. ಅವರೂ ಬ್ಯಾಕಪ್ಪೇ! ತಂಡದ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿತ್ತು. ಬೆಂಚಿನಿಂದ ಎದ್ದು ಬಂದವನ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ಪೀಡರ್‌ಸನ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ. ಮೂರು ವರ್ಷದಲ್ಲಿ ಅವರನ್ನೂ ತೆಗೆದುಹಾಕಿದರು, ಅದು ಬೇರೆ ಮಾತು. ಫಿಲಡೆಲ್ಫಿಯಾದವರಿಗೆ ತಾಳ್ಮೆ ಕಡಿಮೆ.

ಕಾಮೆಂಟಿನಲ್ಲಿ ಯಾರಾದರೂ ಜಿಮ್ ಹಾರ್ಬಾ ಹೆಸರು ಹೇಳುವ ಮುಂಚೆ ನಾನೇ ಹೇಳುತ್ತೇನೆ. ಅವರೂ ಕ್ವಾರ್ಟರ್‌ಬ್ಯಾಕೇ, ಆದರೆ ಬೆಂಚಿನವರಲ್ಲ, ಶಿಕಾಗೋ ಮತ್ತು ಇಂಡಿಯಾನಾಪೊಲಿಸ್ ತಂಡಗಳಲ್ಲಿ ವರ್ಷಗಟ್ಟಲೆ ಮೈದಾನದಲ್ಲಿದ್ದವರು, ಕೋಚ್ ಆಗಿಯೂ ಗೆದ್ದವರು. ಆದರೆ ಅವರ ಅಪ್ಪ ಕಾಲೇಜು ಕೋಚ್. ಎನ್‌ಎಫ್‌ಎಲ್ (ಇದೇ ಇಲ್ಲಿನ ದೊಡ್ಡ ವೃತ್ತಿಪರ ಲೀಗ್) ಆಡುತ್ತಿರುವಾಗಲೇ ಜಿಮ್ ಸಂಬಳವಿಲ್ಲದೆ ಅಪ್ಪನ ತಂಡಕ್ಕೆ ಸಹಾಯ ಮಾಡಿದ್ದಾರೆ. ಆಮೇಲೂ ಮುಖ್ಯ ಕೋಚ್ ಆಗಿ ಸ್ಯಾನ್ ಡಿಯೇಗೋದ ಸಣ್ಣ ವಿಶ್ವವಿದ್ಯಾಲಯದ ತಂಡದಿಂದ ಶುರು ಮಾಡಿ, ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಅಲ್ಲಿಂದ ಎನ್‌ಎಫ್‌ಎಲ್ ತಂಡದ ಮುಖ್ಯ ಕೋಚ್ ಆದರು.

ನನ್ನ ವಾದಕ್ಕೆ ಸರಿಯಾಗಿ ಕೂರದವರು ಒಬ್ಬರಿದ್ದಾರೆ, ಹಳೇ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಆಟೋ ಗ್ರಹಾಂ. ಹತ್ತು ವರ್ಷ ಆಡಿ ಹತ್ತೂ ವರ್ಷ ಫೈನಲ್ ಕಂಡ ಮನುಷ್ಯ. ಕೋಸ್ಟ್ ಗಾರ್ಡ್ ಅಕಾಡೆಮಿಯಲ್ಲಿ ಏಳು ವರ್ಷ ನಿಯತ್ತಾಗಿ ಕೋಚ್ ಕೆಲಸ ಕಲಿತರು. ಆದರೂ ವಾಷಿಂಗ್ಟನ್‌ನಲ್ಲಿ ಮೂರು ವರ್ಷಕ್ಕೆ 17 ಗೆಲುವು, 22 ಸೋಲು. ಅವರ ಜಾಗಕ್ಕೆ ಬಂದವರು ಅದೇ ಲೊಂಬಾರ್ಡಿ, ಎನ್‌ಎಫ್‌ಎಲ್‌ನಲ್ಲಿ ಒಂದು ದಿನವೂ ಆಡದವರು. ಗ್ರಹಾಂ ಆಡುತ್ತಿದ್ದಾಗ ಪ್ಲೇಗಳನ್ನೆಲ್ಲ ಕೋಚ್ ಪಾಲ್ ಬ್ರೌನ್ ಹೊರಗಿನಿಂದ ಆಟಗಾರರ ಕೈಲಿ ಹೇಳಿ ಕಳಿಸುತ್ತಿದ್ದರು, ಅದಕ್ಕೇ ಇರಬಹುದಾ? ಅಷ್ಟು ಗಟ್ಟಿಯಾಗಿ ಹೇಳಲಾರೆ. ಸಣ್ಣ ಕಾಲೇಜಿನಲ್ಲಿ ಒಗ್ಗಿದ್ದು ದೊಡ್ಡ ಲೀಗಿಗೆ ಒಗ್ಗದೇ ಹೋಗಿರಬಹುದು.

ಇವತ್ತಿನ ಸ್ಟಾರ್‌ಗಳಿಗೆ ಈ ಉಸಾಬರಿಯೇ ಬೇಕಿಲ್ಲ ಬಿಡಿ. ಟಾಮ್ ಬ್ರೇಡಿ, ಟೋನಿ ರೋಮೋ ಟಿವಿಯಲ್ಲಿ ಮೈಕ್ ಹಿಡಿದರೆ ಕೋಟಿಗಟ್ಟಲೆ ಡಾಲರ್. ಸೋತರೂ ಯಾರೂ ಬೈಯುವುದಿಲ್ಲ. ಆಫೀಸಿನ ಸೋಫಾ ಮೇಲೆ ಮಲಗಿ ಬೆಳಗಿನ ಜಾವಕ್ಕೆ ಎದ್ದು ಫಿಲ್ಮ್ ನೋಡುವ ಸಹಾಯಕನ ಕೆಲಸ ಅವರಿಗೆ ಯಾಕೆ ಬೇಕು?

ಇದನ್ನೆಲ್ಲ ಹೇಳಿದರೆ ನನ್ನ ಸಹೋದ್ಯೋಗಿ ಫಿಲಿಪ್ ರಿವರ್ಸ್ ಹೆಸರು ಎತ್ತುತ್ತಾನೆ. ಹದಿನೇಳು ವರ್ಷ ಎನ್‌ಎಫ್‌ಎಲ್ ಆಡಿದ ದೊಡ್ಡ ಕ್ವಾರ್ಟರ್‌ಬ್ಯಾಕ್. ಟಿವಿ ಕಡೆ ಹೋಗದೆ ಅಲಬಾಮಾದ ಒಂದು ಹೈಸ್ಕೂಲಿಗೆ ಹೋಗಿ ಹದಿನಾರರ ಹುಡುಗರಿಗೆ ಚೆಂಡು ಹಿಡಿಯುವುದು ಹೇಗೆ ಅಂತ ಕಲಿಸಲು ನಿಂತವರು. ಅಯ್ಯಾ, ನಾನು ಹೇಳುತ್ತಿರುವುದೂ ಅದನ್ನೇ ಅಂದೆ. ಅವನು ಒಪ್ಪಲಿಲ್ಲ. ಒಂದು ಊಟದ ಬೆಟ್ ಕಟ್ಟಿದ್ದೇವೆ.