ಮೈನಸ್ ಮೂರು ಡಿಗ್ರಿಯಲ್ಲಿ ನನ್ನ ಮಾನ

ಕರಿಹಲಗೆಯ ಮುಂದೆ ನಿಂತು ಸಂಖ್ಯಾಶಾಸ್ತ್ರ ಕಲಿಸುವಾಗ ನಾನು ಎಂದೂ ಸೋತವನಲ್ಲ. ಸೀಮೆಸುಣ್ಣ ಎದುರುತ್ತರ ಕೊಡುವುದಿಲ್ಲ. ತೆರೆದ ಆವರಣವನ್ನು ಮುಚ್ಚಲು ಮರೆತರೂ ಹಲಗೆ ಸುಮ್ಮನಿರುತ್ತದೆ. ಪ್ರಮೇಯದ ಸಾಧನೆ ಅರ್ಧ ದಾರಿಯಲ್ಲಿ ಕೈಕೊಟ್ಟರೆ "ಉಳಿದದ್ದು ನಿಮ್ಮ ಅಭ್ಯಾಸಕ್ಕೆ" ಎಂದು ಗಂಭೀರವಾಗಿ ಹೇಳಿ ಕೈ ಒರೆಸಿಕೊಂಡು ಹೊರಟುಬಿಡಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಹೊಣೆ ಹೆಗಲೇರಿದ ದಿನ ಈ ಸುಖವೆಲ್ಲ ಮುಗಿಯಿತು. ಅಲ್ಲಿಂದೀಚೆಗೆ ನನ್ನ ತಪ್ಪುಗಳು ಪ್ರೊಜೆಕ್ಟರ್ ಬೆಳಕಿನಲ್ಲಿ ಆಳೆತ್ತರಕ್ಕೆ, ಕೆಂಪು ಅಕ್ಷರಗಳಲ್ಲಿ ಮೂಡುತ್ತವೆ.

ಮೊದಲ ದಿನ ಅರ್ಧ ಗಂಟೆ ನುಂಗಿದ್ದು ಒಂದು ಕೂಡುವ ಚಿಹ್ನೆ. ಆರ್ ನಮ್ಮ ಆಜ್ಞೆಗೆ ಕಾಯುತ್ತಿರುವಾಗ ತೆರೆಯ ಎಡಕ್ಕೆ > ಎಂಬ ಗುರುತಿರುತ್ತದೆ. ಹೇಳಬೇಕಾದದ್ದನ್ನು ಪೂರ್ತಿ ಹೇಳದೆ ಎಂಟರ್ ಒತ್ತಿದರೆ ಅದು + ಆಗುತ್ತದೆ. "ಇನ್ನೂ ಹೇಳಿ, ಕೇಳುತ್ತಿದ್ದೇನೆ" ಎಂದಷ್ಟೇ ಅದರ ಅರ್ಥ. ಹಿಂದಿನ ಬೆಂಚಿನ ಹುಡುಗನೊಬ್ಬ ಉದ್ಧರಣ ಚಿಹ್ನೆಯನ್ನು ತೆರೆದವನು ಮುಚ್ಚಿರಲಿಲ್ಲ.

"ಸರ್, ಏನನ್ನೋ ಕೂಡಬೇಕಂತೆ. ಏನನ್ನು ಎಂದು ಮಾತ್ರ ಹೇಳುತ್ತಿಲ್ಲ."

ನಾನು ಅವನ ಬಳಿ ಹೋಗುವಷ್ಟರಲ್ಲಿ ಅವನು 5, 10, ತನ್ನ ಕ್ರಮಸಂಖ್ಯೆ, ಕೊನೆಗೆ ತನ್ನ ಹೆಸರನ್ನೂ ಒಂದೊಂದಾಗಿ ಅರ್ಪಿಸಿ ನೋಡಿದ್ದ. ಮುಚ್ಚದ ಉದ್ಧರಣ ಚಿಹ್ನೆಯೊಳಗೆ ಏನು ಹಾಕಿದರೂ ಆರ್ ನುಂಗಿಕೊಂಡು ಮತ್ತೊಂದು + ತೋರಿಸುತ್ತದೆ. ತೆರೆಯ ತುಂಬ ಕೂಡುವ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ ಅವನನ್ನು ಬಿಡಿಸಿದೆ. ಆ ಹುಡುಗ ನನ್ನನ್ನು ನೋಡಿದ ನೋಟದಲ್ಲಿದ್ದ ಭಕ್ತಿಯನ್ನು ಆಮೇಲೆ ಯಾರ ಕಣ್ಣಲ್ಲೂ ನಾನು ಕಂಡಿಲ್ಲ. ಕಾಣದಿರುವುದಕ್ಕೆ ಕಾರಣ ಮುಂದಿನ ವಾರದ ತರಗತಿ.

ಆ ದಿನ ಹಿಮ ಬೀಳುವ ಒಂದು ಊರಿನ ತಾಪಮಾನದ ದತ್ತಾಂಶ ತೆಗೆದುಕೊಂಡಿದ್ದೆ. ಮೈನಸ್ ಮೂರು ಡಿಗ್ರಿಗಿಂತ ಕೆಳಗಿಳಿದ ದಿನಗಳನ್ನಷ್ಟೇ ಹೆಕ್ಕಿ ತೋರಿಸುವುದು ಉದ್ದೇಶ. ತಾಪಮಾನದ ಸಾಲಿಗೆ ಟೆಂಪ್ ಎಂದು ಹೆಸರಿಟ್ಟಿದ್ದೆ. ಟೆಂಪ್[ಟೆಂಪ್<-3] ಎಂದು ಬರೆದು, ಎಂಟರ್ ಒತ್ತಿ, ತೆರೆಯತ್ತ ನೋಡದೆಯೇ ತರಗತಿಯತ್ತ ತಿರುಗಿ "ಇವು ಕೊರೆಯುವ ಚಳಿಯ ದಿನಗಳು" ಎಂದೆ.

"ಸರ್, ಒಂದೇ ದಿನ ಬಂದಿದೆ. ಅದೂ 14 ಡಿಗ್ರಿ."

ಉಪಾಧ್ಯಾಯರಿಗೆ ಇಂಥ ಹೊತ್ತಿನಲ್ಲಿ ಒಂದು ಕೆಟ್ಟ ಬುದ್ಧಿ ಹುಟ್ಟುತ್ತದೆ. ಯಂತ್ರ ಎರಡನೆಯ ಸಲ ಕೇಳಿದರೆ ಮನಸ್ಸು ಬದಲಿಸಬಹುದು ಎಂಬ ಆಸೆ ಅದು. ಅದೇ ಆಜ್ಞೆಯನ್ನು ಮತ್ತೆ ಓಡಿಸಿದೆ.

"ಸರ್, ಈಗ ಅದೂ ಇಲ್ಲ. ಎನ್ಎ, ಅಂದರೆ ಬೆಲೆ ಲಭ್ಯವಿಲ್ಲ, ಎನ್ನುತ್ತಿದೆ."

ಅಷ್ಟರಲ್ಲಿ ಸಂಗತಿ ಹೊಳೆಯಿತು. ಆರ್‌ನಲ್ಲಿ ಒಂದು ಹೆಸರಿಗೆ ಬೆಲೆ ಕೊಡುವ ಚಿಹ್ನೆ <- ಎಂಬ ಬಾಣ. ಹೋಲಿಕೆಯ ಚಿಹ್ನೆಗೂ ಮೈನಸ್‌ಗೂ ನಡುವೆ ನಾನು ಜಾಗ ಬಿಟ್ಟಿರಲಿಲ್ಲ. "ಮೈನಸ್ ಮೂರಕ್ಕಿಂತ ಕಡಿಮೆಯೇ?" ಎಂದು ನಾನು ಕೇಳಿದ್ದು "ಟೆಂಪ್ ಇನ್ನು ಮೇಲೆ ಮೂರು" ಎಂಬ ಅಪ್ಪಣೆಯಾಗಿತ್ತು. ಚೌಕ ಆವರಣದೊಳಗೆ ಬರೀ 3 ಇದ್ದರೆ ಆರ್‌ಗೆ ಅದು "ಮೂರನೆಯದನ್ನು ಕೊಡು" ಎಂದಂತೆ. ಮೊದಲ ಸಲ ಅದು ಹಳೆಯ ಸಾಲಿನ ಮೂರನೆಯ ಬೆಲೆಯನ್ನು ಕೈಗಿಟ್ಟು, ಹಿಂದಿನಿಂದ ಇಡೀ ವರ್ಷದ ತಾಪಮಾನವನ್ನು ಅಳಿಸಿ ಅಲ್ಲಿ ಒಂದೇ ಒಂದು 3 ಇಟ್ಟುಬಿಟ್ಟಿತ್ತು. ಎರಡನೆಯ ಸಲ ಒಂಟಿ ಸಂಖ್ಯೆಯಲ್ಲಿ ಮೂರನೆಯದನ್ನು ಹುಡುಕಿದರೆ ಎಲ್ಲಿಂದ ಸಿಗಬೇಕು? ಇಷ್ಟೆಲ್ಲ ಆಗುವಾಗ ಒಂದು ಕೆಂಪು ಅಕ್ಷರವಾದರೂ ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಬರಲಿಲ್ಲ. ಒಂದು ಅಲ್ಪವಿರಾಮ ಬಿಟ್ಟರೆ ಊರಿಗೆಲ್ಲ ಕೇಳುವಂತೆ ಕೂಗುವ ಈ ಭಾಷೆ, 365 ದಿನಗಳನ್ನು ಮಣ್ಣುಪಾಲು ಮಾಡುವಾಗ ಕೆಮ್ಮುವುದೂ ಇಲ್ಲ.

ಮುಖ ಉಳಿಸಿಕೊಳ್ಳಲು ಇತಿಹಾಸದ ಮೊರೆ ಹೊಕ್ಕೆ. ಸಂಖ್ಯಾಶಾಸ್ತ್ರದವರಿಗಾಗಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ 1976ರಲ್ಲಿ ಎಸ್ ಎಂಬ ಭಾಷೆ ಹುಟ್ಟಿತು, ಬಾಣ ಅಲ್ಲಿಂದ ಬಂದದ್ದು, ಅದಕ್ಕೂ ಮುಂಚಿನ ಎಪಿಎಲ್ ಭಾಷೆಯ ಕೀಲಿಮಣೆಯಲ್ಲಿ ಬಾಣಕ್ಕೆಂದೇ ಒಂದು ಕೀಲಿ ಇತ್ತು ಎಂದೆಲ್ಲ ಹೇಳಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ತಮ್ಮ ಹೆಸರುಗಳ ಮೊದಲಕ್ಷರವನ್ನೇ ಇಟ್ಟು, ಎಸ್‌ನ ಜಾಡಿನಲ್ಲೇ ಆರ್ ಕಟ್ಟಿದ್ದನ್ನೂ, 1.0.0 ಆವೃತ್ತಿ 2000ದ ಫೆಬ್ರವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವೇ ಹೊರಬಂದದ್ದನ್ನೂ ಸೇರಿಸಿದೆ. ಮುಂದಿನ ಸಾಲಿನ ಹುಡುಗಿ ಎಲ್ಲವನ್ನೂ ಬರೆದುಕೊಂಡು, "ಸರ್, ಆ ಚಳಿಯ ದಿನಗಳು?" ಎಂದು ಕೇಳಿದಳು.

ಇದಾದ ಮೇಲೆ ತರಗತಿಗೆ ಒಂದು ಹವ್ಯಾಸ ಅಂಟಿತು. ನಾನು < ಚಿಹ್ನೆ ಬರೆದರೆ ಸಾಕು, ಹಿಂದಿನಿಂದ "ಜಾಗ ಸರ್, ಜಾಗ!" ಎಂದು ಮೂರ್ನಾಲ್ಕು ದನಿ ಒಟ್ಟಿಗೆ ಏಳುತ್ತವೆ. ರಶ್ಶಿರುವ ಬಸ್ಸಿನ ಕಂಡಕ್ಟರ್ ಆಗಿಬಿಟ್ಟಂತೆ ಅನಿಸುತ್ತದೆ.

ವಿದ್ಯಾರ್ಥಿಗಳ ಕಡೆಯ ಅವಘಡಗಳೂ ಕಡಿಮೆಯಿಲ್ಲ ಎಂದು ನನ್ನ ಸಮಾಧಾನಕ್ಕಾದರೂ ಹೇಳಬೇಕು. ಒಬ್ಬ ನಿವೃತ್ತರ ಸಮೀಕ್ಷೆ ಮಾಡಿದ್ದ. ವಯಸ್ಸಿನ ಕಾಲಂನಲ್ಲಿ ಯಾರೋ ಒಬ್ಬರು "ಗೊತ್ತಿಲ್ಲ" ಎಂದು ಬರೆಸಿದ್ದರು. ಆ ಒಂದು ಮಾತಿಗೆ ಇಡೀ ಕಾಲಂ ಅಕ್ಷರವಾಯಿತು. ಹಳೆಯ ಆರ್ ಅಕ್ಷರಗಳನ್ನು ಯಾರೂ ಕೇಳದಿದ್ದರೂ ಫ್ಯಾಕ್ಟರ್ ಮಾಡಿಬಿಡುತ್ತಿತ್ತು, ಅಂದರೆ ಒಂದೊಂದು ಬಗೆಗೂ 1, 2, 3 ಎಂದು ಒಳಗೊಳಗೇ ನಂಬರು ಹಚ್ಚುತ್ತಿತ್ತು. 2020ರಲ್ಲಿ 4.0.0 ಬಂದ ಮೇಲಷ್ಟೇ ಈ ಅತಿ ಉತ್ಸಾಹ ಬಿಟ್ಟಿತು. ಹುಡುಗ ಅದನ್ನು ಮತ್ತೆ ಸಂಖ್ಯೆಯಾಗಿಸಿದಾಗ ಕೈಗೆ ಸಿಕ್ಕಿದ್ದು ವಯಸ್ಸಲ್ಲ, ಆ ಒಳಗಿನ ನಂಬರು. ನಿವೃತ್ತರ ಸರಾಸರಿ ವಯಸ್ಸು 11.4 ಎಂದು ಬಂತು. ಅವನು ಎದೆಗುಂದಲಿಲ್ಲ. "ಮಾದರಿಯಲ್ಲಿ ಕಿರಿಯರ ಪ್ರಮಾಣ ಹೆಚ್ಚಿರುವುದು ಗಮನಾರ್ಹ" ಎಂದು ಒಂದು ಪುಟ ವಿವರಣೆ ಬರೆದ. ಆ ಪುಟದ ಅಂಚಿನಲ್ಲಿ "ವಿವರಣೆ ಚೆನ್ನಾಗಿದೆ" ಎಂಬ ಷರಾ ಇತ್ತು. ಅಕ್ಷರ ಯಾರದೆಂದು ನಾನು ಬಾಯಿ ಬಿಡುವುದಿಲ್ಲ.

ಜೀವಶಾಸ್ತ್ರದಿಂದ ಬಂದವರ ಕಷ್ಟ ಬೇರೆ. ಅವರ ವಂಶವಾಹಿಗಳಲ್ಲಿ ಮಾರ್ಚ್1 ಎಂಬುದೊಂದಿತ್ತು. ಎಕ್ಸೆಲ್‌ನಲ್ಲಿ ತೆರೆದರೆ ಅದು ಮಾರ್ಚ್ ಒಂದನೆಯ ತಾರೀಕಾಗಿಬಿಡುತ್ತಿತ್ತು. ವರ್ಷಗಟ್ಟಲೆ ಈ ಗೋಳು ನಡೆದು, ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿ ಸೋಲೊಪ್ಪಿಕೊಂಡು ಇಂಥ ವಂಶವಾಹಿಗಳ ಹೆಸರನ್ನೇ ಬದಲಿಸುವ ನಿಯಮ ತಂದಿತು. ಮನುಷ್ಯನ ವಂಶವಾಹಿಗಿಂತ ಎಕ್ಸೆಲ್ ಹಟಮಾರಿ.

ನಕಲು ಹಿಡಿಯಲು ಹೋಗಿ ಕೆಟ್ಟದ್ದು ಇನ್ನೊಂದು ಕಥೆ. ಯಾದೃಚ್ಛಿಕ ಸಂಖ್ಯೆ ಎಂದು ನಾವು ದೊಡ್ಡದಾಗಿ ಕರೆಯುವುದು ಸೀಡ್ ಎಂಬ ಒಂದು ಆರಂಭದ ಸಂಖ್ಯೆಯಿಂದ ಲೆಕ್ಕಾಚಾರವಾಗಿ ಬರುವಂಥದ್ದು. ಸೀಡ್ ಒಂದೇ ಆದರೆ ಉತ್ತರವೂ ಒಂದೇ. ಮೌಲ್ಯಮಾಪನ ಸುಲಭವಾಗಲಿ ಎಂದು ಎಲ್ಲರೂ 42 ಇಟ್ಟು 1ರಿಂದ 1000ದೊಳಗೆ 20 ಸಂಖ್ಯೆ ಆರಿಸಿ ಸರಾಸರಿ ಕೊಡಿ ಎಂದಿದ್ದೆ. 38 ಜನರ ಉತ್ತರ ಒಂದೇ ಬಂತು, ಒಬ್ಬನದು ಬೇರೆ. ಬೇರೆ ಯಾವ ವಿಷಯದಲ್ಲಾದರೂ ಆ 38 ಜನರನ್ನು ವಿಚಾರಣೆಗೆ ಕರೆಯಬೇಕಿತ್ತು. ನಾನು ಕರೆದದ್ದು ಉಳಿದೊಬ್ಬನನ್ನು.

"ನಾನೊಬ್ಬನೇ ಸ್ವಂತವಾಗಿ ಮಾಡಿದ್ದು ಸರ್," ಎಂದ ಅವನು, ಕಣ್ಣಂಚಿನಲ್ಲಿ ನೀರು ತಂದುಕೊಂಡು.

ಅವನ ಲ್ಯಾಪ್‌ಟಾಪ್ ತರಿಸಿ ನೋಡಿದೆ. ಸೀಡ್ ಸರಿಯಾಗಿತ್ತು, ಕೋಡ್ ಸರಿಯಾಗಿತ್ತು, ಉತ್ತರ ಮಾತ್ರ ಬೇರೆ. ಅವನ ಆರ್ ಹಳೆಯದು. 2019ರ ಏಪ್ರಿಲ್‌ನಲ್ಲಿ ಬಂದ 3.6.0 ಆವೃತ್ತಿಯಲ್ಲಿ ಮಾದರಿ ಆರಿಸುವ ವಿಧಾನವನ್ನೇ ತಿದ್ದಿದ್ದಾರೆ. ಹಾಗಾಗಿ ಅದೇ ಸೀಡ್ ಹಳೆಯದರಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಉತ್ತರ ಕೊಡುತ್ತದೆ. ಅವನ ಕ್ಷಮೆ ಕೇಳಿ ಪೂರ್ತಿ ಅಂಕ ಕೊಟ್ಟೆ. ಆಮೇಲೆ ರಾತ್ರಿ ಮಲಗಿದಾಗ ಒಂದು ಯೋಚನೆ ಬಂತು: ಉಳಿದ 38 ಜನರಲ್ಲಿ ಎಷ್ಟು ಮಂದಿ ನಿಜವಾಗಿಯೂ ಕೋಡ್ ಓಡಿಸಿದ್ದರು?

ಅಂದಿನಿಂದ ಕಟ್ಟುನಿಟ್ಟು ಹೆಚ್ಚಿಸಿದೆ. ಉತ್ತರದ ಜೊತೆ ಕೋಡ್ ಕೊಡಬೇಕು, ಆವೃತ್ತಿ ನಮೂದಿಸಬೇಕು, ಕೋಡ್ ನನ್ನ ಕಂಪ್ಯೂಟರಿನಲ್ಲೂ ಓಡಬೇಕು. ದತ್ತಾಂಶದ ಫೈಲಿಗೆ ಅವರವರ ಡೆಸ್ಕ್‌ಟಾಪಿನ ವಿಳಾಸ ಬರೆದು ತಂದರೆ ಅಂಕವಿಲ್ಲ. "ಇನ್ನೊಬ್ಬರು ಮಾಡಿ ನೋಡಲಾಗದ ಫಲಿತಾಂಶ ಫಲಿತಾಂಶವೇ ಅಲ್ಲ" ಎಂದು ಮೇಜು ಕುಟ್ಟಿ ಹೇಳಿದ್ದೆ.

ಮೇಜು ಕುಟ್ಟಬಾರದಿತ್ತು. ಸೆಮಿಸ್ಟರಿನ ಕೊನೆಗೆ ಅದೇ ಮುಂದಿನ ಸಾಲಿನ ಹುಡುಗಿ ಬಂದಳು. ಬಹಳ ಹಿಂದೆ ನಾನು ಪ್ರಕಟಿಸಿದ ಲೇಖನವೊಂದು ಅವಳ ಕೈಯಲ್ಲಿತ್ತು.

"ಸರ್, ಇದರ ಎರಡನೆಯ ಕೋಷ್ಟಕವನ್ನು ನಾನೂ ಮಾಡಿ ನೋಡಬೇಕು ಅಂತಿದ್ದೇನೆ. ಕೋಡ್ ಸಿಗಬಹುದೇ?"

ಅವಳು ಹೋದ ಮೇಲೆ ಬಾಗಿಲು ಹಾಕಿ ಹುಡುಕಿದೆ. ಫೈಲ್ ಸಿಕ್ಕಿತು. ಮೊದಲ ಸಾಲು, ಗುಜರಿಗೆ ಹೋಗಿ ವರ್ಷಗಳಾದ ಕಂಪ್ಯೂಟರೊಂದರ ಡೆಸ್ಕ್‌ಟಾಪಿನಿಂದ ದತ್ತಾಂಶ ಕೇಳುತ್ತಿತ್ತು. ಸೀಡ್ ಇಟ್ಟಿರಲಿಲ್ಲ. ಇಪ್ಪತ್ತನೆಯ ಸಾಲಿನ ಹತ್ತಿರ ಒಂದು < ಚಿಹ್ನೆಗೂ ಮೈನಸ್‌ಗೂ ಮಧ್ಯೆ ಜಾಗವಿದೆಯೋ ಇಲ್ಲವೋ ಎಂದು ಕನ್ನಡಕ ಒರೆಸಿ ನೋಡಬೇಕಾಯಿತು. ನೋಡಿದೆ. ಮತ್ತೆ ಒರೆಸಿದೆ.

ಮರುದಿನ ಅವಳು ಬಾಗಿಲಲ್ಲಿ ಕಂಡಾಗ, ಆ ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿಗಳಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತೇ ನನ್ನ ಬಾಯಿಂದ ಬಂತು:

"ಫೈಲು ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದುಬಿಟ್ಟಿದೆ ಅಮ್ಮ. ಸೋಮವಾರ ತಂದುಕೊಡುತ್ತೇನೆ."